ಕ್ಯಾನ್ಸರ್ ಹರಡಿದೆ, ಶುರುವಾದ ಜಾಗ ಮಾತ್ರ ಸಿಕ್ಕಿಲ್ಲ: ಮುಂದೇನು ಮಾಡಬೇಕು?

ಲಿವರ್‌ನಲ್ಲಿ ಗಂಟುಗಳಿವೆ, ಬಯಾಪ್ಸಿಯಲ್ಲಿ (ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆ) ಕ್ಯಾನ್ಸರ್ ಅಂತ ಬಂದಿದೆ, ಆದರೆ ಅದು ಲಿವರ್ ಕ್ಯಾನ್ಸರ್ ಅಲ್ಲ, ಬೇರೆ ಎಲ್ಲಿಂದಲೋ ಬಂದು ಕೂತಿದೆ. ಎಲ್ಲಿಂದ? ಗೊತ್ತಿಲ್ಲ. ಡಾಕ್ಟರ್ ಹೀಗಂದ ತಕ್ಷಣ ಮನೆಯವರಿಗೆ ಅನುಮಾನ ಬರುವುದು ಡಾಕ್ಟರ್ ಮೇಲೇ. ಮಂಡ್ಯದವರು ಮೈಸೂರಿಗೆ ಓಡುತ್ತಾರೆ, ಮೈಸೂರಿನವರು ಬೆಂಗಳೂರಿನ ಕಿದ್ವಾಯಿಗೆ. ಹೋಗಿ, ತಪ್ಪಿಲ್ಲ. ಆದರೆ ಹೋದಲ್ಲೆಲ್ಲ ಮೊದಲಿನಿಂದ ಸ್ಕ್ಯಾನ್ ಶುರು ಮಾಡಿಸಿದರೆ ವಾರಗಟ್ಟಲೆ ಸುಮ್ನೆ ಕಳೆದುಹೋಗುತ್ತದೆ.

ಇದು ಅಪರೂಪವೇನಲ್ಲ. ಒಟ್ಟು ಕ್ಯಾನ್ಸರ್‌ಗಳಲ್ಲಿ ಹೆಚ್ಚುಕಡಿಮೆ ಶೇ 2ರಿಂದ 5ರಷ್ಟು ಹೀಗೆ ಮೂಲ ತಿಳಿಯದವು. ಮೂಲದ ಗೆಡ್ಡೆ ಸ್ಕ್ಯಾನ್‌ಗೆ ಕಾಣದಷ್ಟು ಚಿಕ್ಕದಿರಬಹುದು, ಇಲ್ಲವೇ ದೇಹವೇ ಅದನ್ನು ಕರಗಿಸಿರಬಹುದು.

ಮೊದಲು ನೋಡಬೇಕಾದ್ದು, ಆಗಬೇಕಾದ ಪರೀಕ್ಷೆಗಳು ಆಗಿವೆಯಾ ಅಂತ. ಎದೆ, ಹೊಟ್ಟೆ, ಕಿಬ್ಬೊಟ್ಟೆಯ ಸಿಟಿ ಸ್ಕ್ಯಾನ್, ರಕ್ತ ಪರೀಕ್ಷೆ, ಹೆಂಗಸರಿಗೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ), ಗಂಡಸರಿಗೆ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ಸುಳಿವು ಕೊಡುವ ರಕ್ತ ಪರೀಕ್ಷೆ). ಜೊತೆಗೆ ಡಾಕ್ಟರ್ ಕೈಯಿಂದಲೇ ಮಾಡುವ ತಪಾಸಣೆ: ಸ್ತನ, ಕುತ್ತಿಗೆ, ಚರ್ಮ, ಗುದದ್ವಾರ. ನಮ್ಮವರು ನಾಚಿಕೊಂಡು ಬೇಡ ಅನ್ನುವುದೂ ಇದಕ್ಕೇ. ಬೇಡ ಅನ್ನಬೇಡಿ. ಎಂಡೋಸ್ಕೋಪಿ, ಕೊಲೊನೊಸ್ಕೋಪಿ ಎಲ್ಲರಿಗೂ ಬೇಕಿಲ್ಲ, ರೋಗಲಕ್ಷಣ ಅಥವಾ ರಿಪೋರ್ಟ್ ಆ ಕಡೆ ಬೆರಳು ತೋರಿಸಿದರೆ ಮಾತ್ರ ಮಾಡಿಸಿದರೆ ಸಾಕು. ಇಡೀ ದೇಹದಲ್ಲಿ ಕ್ಯಾನ್ಸರ್ ಹುಡುಕುವ ಪೆಟ್ ಸ್ಕ್ಯಾನ್ ಕೆಲವರಿಗೆ ನಿಜಕ್ಕೂ ಉಪಯೋಗ, ಅದರಲ್ಲೂ ಕುತ್ತಿಗೆಯ ಗಂಟಿದ್ದವರಿಗೆ.

ನನ್ನ ಪ್ರಕಾರ ಸ್ಕ್ಯಾನ್‌ಗಿಂತ ಜಾಸ್ತಿ ತಲೆಕೆಡಿಸಿಕೊಳ್ಳಬೇಕಾದ್ದು ಬಯಾಪ್ಸಿಯ ಬಗ್ಗೆ. ಮಂಡ್ಯದವರು ಯಾವೂರಿಗೆ ಹೋಗಿ ನೆಲೆಸಿದರೂ ಬಾಯಿ ಬಿಟ್ಟರೆ ಊರು ಗೊತ್ತಾಗುತ್ತೆ, ಅಲ್ವಾ? ಕ್ಯಾನ್ಸರ್ ಕಣಗಳೂ ಎಲ್ಲಿ ಕೂತರೂ ತವರಿನ ಗುರುತು ಇಟ್ಟುಕೊಂಡಿರುತ್ತವೆ. ಆ ಗುರುತು ಹುಡುಕುವ ಪರೀಕ್ಷೆಗೆ ಐಎಚ್‌ಸಿ ಅನ್ನುತ್ತಾರೆ. ರಿಪೋರ್ಟ್‌ನಲ್ಲಿ ಟಿಟಿಎಫ್-1 ಅನ್ನುವ ಗುರುತು ಪಾಸಿಟಿವ್ ಅಂತಿದ್ದರೆ ಶ್ವಾಸಕೋಶ ಅಥವಾ ಥೈರಾಯ್ಡ್ ಕಡೆ ಯೋಚನೆ ಹೋಗುತ್ತದೆ. ಸಿಕೆ20, ಸಿಡಿಎಕ್ಸ್2 ಅನ್ನುವ ಗುರುತುಗಳು ಪಾಸಿಟಿವ್ ಆಗಿ ಸಿಕೆ7 ನೆಗೆಟಿವ್ ಇದ್ದರೆ ದೊಡ್ಡ ಕರುಳಿನ ಕಡೆ. ಒಂದೇ ಗುರುತು ನೋಡಿ ತೀರ್ಮಾನ ಮಾಡುವಂತಿಲ್ಲ, ಗೂಗಲ್‌ನಲ್ಲಿ ಹುಡುಕಿಯಂತೂ ಬೇಡವೇ ಬೇಡ.

ಈ ಪರೀಕ್ಷೆಗೆ ಬೇಕಾದ್ದು ಬ್ಲಾಕ್. ಬಯಾಪ್ಸಿಯ ಚೂರನ್ನು ಮೇಣದಲ್ಲಿ ಕೂರಿಸಿದ, ಅಂಗೈಯೊಳಗೆ ಹಿಡಿಯುವ ಪುಟ್ಟ ಪ್ಲಾಸ್ಟಿಕ್ ಚೌಕಟ್ಟು, ಅಂಚಿನಲ್ಲಿ ನಂಬರ್ ಬರೆದಿರುತ್ತಾರೆ. ಬೇರೆ ಆಸ್ಪತ್ರೆಗೆ ಹೋಗುವಾಗ ಲ್ಯಾಬ್‌ನಲ್ಲಿ ಸಹಿ ಹಾಕಿ ಬ್ಲಾಕ್ ಮತ್ತು ಸ್ಲೈಡ್ (ಅದರ ತೆಳು ಪದರ ಅಂಟಿಸಿದ ಗಾಜಿನ ಪಟ್ಟಿ) ಎರಡನ್ನೂ ಪಡೆಯಿರಿ, ನಂಬರ್ ರಿಪೋರ್ಟ್‌ಗೆ ಹೊಂದುತ್ತಾ ನೋಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ, ಅದು ಮೇಣ. ಇದೊಂದು ಕೈಯಲ್ಲಿದ್ದರೆ ಎಷ್ಟೋ ಸಲ ಮತ್ತೆ ಸೂಜಿ ಚುಚ್ಚಿಸಿಕೊಳ್ಳುವುದು ತಪ್ಪುತ್ತದೆ.

ಇಷ್ಟಾದ ಮೇಲೂ ಮೂಲ ಸಿಗದಿದ್ದರೆ ಡಾಕ್ಟರನ್ನು ಕೇಳಬೇಕಾದ್ದು 'ಎಲ್ಲಿಂದ ಬಂತು ಸಾರ್' ಅಂತಲ್ಲ, 'ಇದು ಯಾವ ಗುಂಪಿಗೆ ಸೇರುತ್ತೆ ಸಾರ್' ಅಂತ. ಯಾಕೆಂದರೆ ಕೆಲವು ಗುಂಪುಗಳಿಗೆ ಮೂಲ ಸಿಗದಿದ್ದರೂ ದಾರಿ ಗೊತ್ತಿದೆ. ಹೆಂಗಸರ ಕಂಕುಳಿನ ಗಂಟಿನಲ್ಲಿ ಮಾತ್ರ ಅಡೆನೊಕಾರ್ಸಿನೋಮ (ಗ್ರಂಥಿಯ ಕಣಗಳಿಂದ ಹುಟ್ಟುವ ಕ್ಯಾನ್ಸರ್) ಇದ್ದರೆ ಸ್ತನ ಕ್ಯಾನ್ಸರ್‌ನಂತೆಯೇ ಚಿಕಿತ್ಸೆ. ಕುತ್ತಿಗೆಯ ಗಂಟಿನಲ್ಲಿ ಸ್ಕ್ವೇಮಸ್ ಬಗೆ (ಚರ್ಮ, ಬಾಯಿಯ ಒಳಪದರದಂಥ ಚಪ್ಪಟೆ ಕಣಗಳದ್ದು) ಇದ್ದರೆ ಬಾಯಿ-ಗಂಟಲಿನ ಕ್ಯಾನ್ಸರ್‌ನಂತೆ. ಗಂಡಸರಲ್ಲಿ ಮೂಳೆಗೆ ಹರಡಿ ಪಿಎಸ್‌ಎ ಏರಿದ್ದರೆ ಪ್ರಾಸ್ಟೇಟ್‌ನಂತೆ. ಇವರಲ್ಲಿ ಫಲಿತಾಂಶ ಉಳಿದವರಿಗಿಂತ ಚೆನ್ನಾಗಿರುತ್ತದೆ. ಆದರೆ ಹೆಚ್ಚಿನವರು ಈ ಗುಂಪುಗಳಿಗೆ ಸೇರುವುದಿಲ್ಲ ಅನ್ನುವುದನ್ನೂ ಹೇಳಲೇಬೇಕು. ಅವರಿಗೆ ಸಾಮಾನ್ಯವಾಗಿ ಕೀಮೊ, ಅದೂ ಕಾಯಿಲೆಯನ್ನು ಹಿಡಿತದಲ್ಲಿಡಲು, ಪೂರ್ತಿ ವಾಸಿ ಮಾಡಲು ಅಲ್ಲ. ರೋಗಿ ತೀರಾ ಸೋತಿದ್ದರೆ ಕೀಮೊ ಬಿಟ್ಟು ನೋವು, ಉಸಿರಾಟ, ಊಟದ ಕಡೆ ಗಮನ ಕೊಡುವುದೇ ಸರಿಯಾದ ಚಿಕಿತ್ಸೆ ಆಗಬಹುದು. ನೋವು ಕಡಿಮೆ ಮಾಡುವ ಪ್ಯಾಲಿಯೇಟಿವ್ ಆರೈಕೆಯನ್ನು ಕೊನೆಗೆ ಅಂತ ಎತ್ತಿಡಬೇಡಿ, ಮೊದಲ ದಿನವೇ ಕೇಳಿ.

ದುಡ್ಡಿನ ವಿಚಾರ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಖಾಸಗಿ ಆಸ್ಪತ್ರೆಗೆ ಅಡ್ವಾನ್ಸ್ ಕಟ್ಟುವ ಮೊದಲು, ಈ ಯೋಜನೆ ಅಲ್ಲಿ ನಡೆಯುತ್ತಾ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾ ಅಂತ ಅಲ್ಲಿನ ಆರೋಗ್ಯಮಿತ್ರರನ್ನು (ಯೋಜನೆಯ ಬಗ್ಗೆ ಸಹಾಯ ಮಾಡುವ ಸಿಬ್ಬಂದಿ) ಕೇಳಿಕೊಳ್ಳಿ. ರೇಷನ್ ಕಾರ್ಡ್, ಆಧಾರ್ ಎರಡರ ಜೆರಾಕ್ಸ್ ಫೈಲ್‌ನಲ್ಲೇ ಇರಲಿ.