ಧೂಳು ಹುಟ್ಟುವಲ್ಲೇ ಹಿಡಿಯಬೇಕು: ನನ್ನ ಕ್ರಷರಿನ ಅನುಭವ

ಲಕ್ಷ್ಮೇಶ್ವರದ ಕಡೆ ನಮ್ಮದೊಂದು ಕಲ್ಲಿನ ಕ್ವಾರಿ, ಪಕ್ಕದಲ್ಲೇ ಜಲ್ಲಿ ಕ್ರಷರ್ ಇದೆ. ಶುರು ಮಾಡಿದ ಮೊದಲ ಹಿಂಗಾರಿಯಲ್ಲಿ ಪಕ್ಕದ ಹೊಲದ ಕಾಕಾ ಬಂದರು. ಕೈಯಲ್ಲಿ ಮೆಣಸಿನ ಗಿಡದ ಒಂದು ಟೊಂಗೆ. ಎಲೆ ಮೇಲೆ ಬೆರಳು ಎಳೆದು ತೋರಿಸಿದರು. ಬೆರಳು ಹೋದಷ್ಟೇ ಹಸಿರು, ಉಳಿದದ್ದೆಲ್ಲ ಬೂದಿ ಬಣ್ಣ.

"ತಮ್ಮಾ, ನಿನ್ನ ಕಲ್ಲಿನ ಹಿಟ್ಟು ನನ್ನ ಬೆಳಿ ತಿನ್ನಾಕತ್ತೈತಿ" ಅಂದರು. ಜಗಳಕ್ಕೆ ಬಂದಿರಲಿಲ್ಲ. ಅದಕ್ಕೇ ಜಾಸ್ತಿ ನೋವಾಯಿತು.

ಆಗ ನಾವು ಟ್ಯಾಂಕರಿನಿಂದ ದಾರಿಗೆ, ಜಲ್ಲಿ ರಾಶಿಗೆ ನೀರು ಹೊಡೆಯುತ್ತಿದ್ದೆವು. ಬಿಸಿಲಿಗೆ ತಾಸಿನೊಳಗೆ ಒಣಗುತ್ತಿತ್ತು. ಒಂದು ಸಂಜೆ ಕ್ರಷರ್ ಓಡುವಾಗ ಸುಮ್ನೆ ನಿಂತು ನೋಡಿದೆ. ಇಳಿಬಿಸಿಲಿಗೆ ಮುಖಮಾಡಿ ನಿಂತರೆ ಧೂಳು ಎಲ್ಲಿಂದ ಏಳುತ್ತದೆ ಅನ್ನೋದು ಸ್ಪಷ್ಟವಾಗಿ ಕಾಣುತ್ತದೆ. ಟಿಪ್ಪರ್ ಹಾಪರಿಗೆ, ಅಂದರೆ ಯಂತ್ರಕ್ಕೆ ಕಲ್ಲು ಉಣಿಸುವ ತೊಟ್ಟಿಗೆ, ಕಲ್ಲು ಸುರಿಯುವಾಗ, ಜಲ್ಲಿ ಸೋಸುವ ಜಾಲರಿ ಅಲುಗಾಡುವಾಗ, ಬೆಲ್ಟಿನ ತುದಿಯಿಂದ ಡಸ್ಟ್ (ಜಲ್ಲಿ ಸೋಸಿ ಉಳಿದ ಕಲ್ಲಿನ ಪುಡಿ) ಕೆಳಗೆ ಬೀಳುವಾಗ. ಈ ಮೂರು ಕಡೆ ಬಿಟ್ಟು ಉಳಿದೆಲ್ಲ ಕಡೆ ನಾವು ನೀರು ಹಾಕುತ್ತಿದ್ದೆವು.

ಮೊದಲು ಪೈಪಿಗೆ ತೂತು ಹೊಡೆದು ಜಾಲರಿ ಮೇಲೆ ಕಟ್ಟಿದೆ. ದೊಡ್ಡ ತಪ್ಪಾಯಿತು. ಡಸ್ಟ್ ಕೆಸರಾಗಿ ಜಾಲರಿಯ ಕಣ್ಣು ಕಟ್ಟಿಕೊಂಡಿತು, ಅರ್ಧ ದಿನ ಯಂತ್ರ ನಿಂತಿತು. ಧೂಳೂ ಅಡಗಲಿಲ್ಲ. ಹನಿ ದಪ್ಪ ಇದ್ದರೆ ಸಣ್ಣ ಧೂಳು ಅದರ ಪಕ್ಕದಿಂದ ಜಾರಿಕೊಳ್ಳುತ್ತದೆ. ಹನಿಯೂ ಧೂಳಿನಷ್ಟೇ ಸಣ್ಣದಿದ್ದರೆ ಎರಡೂ ಅಂಟಿಕೊಂಡು ಕೆಳಗೆ ಬೀಳುತ್ತವೆ. ಹಾಗಾಗಿ ಹಾಪರಿನ ಬಾಯಿಗೆ, ಕಲ್ಲನ್ನು ದವಡೆಯಂತೆ ಅಗಿದು ಒಡೆಯುವ ಜಾ ಕ್ರಷರಿನ ಕೆಳಗೆ ಮಂಜಿನಂತೆ ನೀರು ಬಿಡುವ ನಾಝಲ್ ಹಾಕಿಸಿದೆ. ಜಾಲರಿಗೆ ನೀರು ಬೇಡವೆಂದು ತಗಡಿನಿಂದ ಪೂರ್ತಿ ಮುಚ್ಚಿಸಿದೆ. ಬೆಲ್ಟಿನ ತುದಿಗೆ ಹಳೆ ರಬ್ಬರ್ ಪಟ್ಟಿಗಳಿಂದ ಅಂಗಿ ತೋಳಿನಂಥದ್ದು ಇಳಿಬಿಟ್ಟೆವು. ಡಸ್ಟ್ ಈಗ ಅದರೊಳಗೇ ಇಳಿಯುತ್ತದೆ. ಖರ್ಚು ತೀರಾ ಕಡಿಮೆ, ಆದರೆ ಕಣ್ಣಿಗೆ ಕಾಣುವ ಬದಲಾವಣೆ ತಂದದ್ದು ಇದೇ.

ನೀರು ಹಳೆ ಕ್ವಾರಿ ಗುಂಡಿಯಲ್ಲಿ ನಿಂತ ಮಳೆನೀರು. ಊರಿನ ಬೋರ್‌ವೆಲ್ ಮುಟ್ಟಬಾರದು ಅಂತ ಮೊದಲೇ ನಿರ್ಧರಿಸಿದ್ದೆ. ಸೋಸದೆ ಬಿಟ್ಟರೆ ಎರಡೇ ದಿನಕ್ಕೆ ನಾಝಲ್ ಕಟ್ಟುತ್ತದೆ, ಸೋಸುಕ ಹಾಕಲೇಬೇಕು.

ನಿಯಮದ ಪ್ರಕಾರ ಯಂತ್ರದಿಂದ 3ರಿಂದ 10 ಮೀಟರ್ ದೂರದಲ್ಲಿ ಅಳೆದರೆ ತೇಲುವ ಧೂಳು ಘನ ಮೀಟರಿಗೆ 600 ಮೈಕ್ರೋಗ್ರಾಂ ದಾಟಬಾರದು. ಆ ಅಳತೆ ದಿನಾ ಆಗುವುದಿಲ್ಲ. ನಾನು ವಾರಕ್ಕೊಮ್ಮೆ ಕಾಕಾನ ಬದುವಿಗೆ ಹೋಗಿ ಬಿಳಿ ಬಟ್ಟೆಯಿಂದ ಎಲೆ ಒರೆಸಿ ನೋಡುತ್ತೇನೆ. ಹಿಂಗಾರಿಯಲ್ಲಿ ಮೂಡಗಾಳಿ ಬೀಸುತ್ತದೆ, ಅವರ ಹೊಲ ನಮ್ಮ ಪಡುವಣಕ್ಕಿದೆ. ಅದಕ್ಕೇ ಡಸ್ಟಿನ ರಾಶಿಯನ್ನು ಆ ಬದಿಯಿಂದ ತೆಗೆಸಿ, ಬದುವಿನುದ್ದಕ್ಕೂ ಬೇವು, ಹೊಂಗೆ ಹಚ್ಚಿದೆವು. ಗಿಡ ದೊಡ್ಡದಾಗಲು ವರ್ಷಗಳು ಬೇಕು. ಅಲ್ಲಿತನಕ ಹಸಿರು ಪರದೆ ಕಟ್ಟಿದ್ದೇವೆ.

ಬೆಳೆಗಿಂತ ಹೆಚ್ಚು ಹೆದರಿಕೆ ನನಗೆ ನಮ್ಮ ಹುಡುಗರದು. ಕಲ್ಲಿನ ಸಣ್ಣ ಧೂಳು ಎದೆಗಿಳಿದರೆ ಸಿಲಿಕೋಸಿಸ್ ಬರುತ್ತದೆ, ಅದು ವಾಸಿಯಾಗುವ ಕಾಯಿಲೆಯಲ್ಲ. ಬಾಯಿಗೆ ಟವೆಲ್ ಕಟ್ಟಿದರೆ ಅಷ್ಟು ಸಣ್ಣ ಧೂಳು ನಿಲ್ಲುವುದಿಲ್ಲ. ಈಗ ಡ್ರಿಲ್ಲಿಂಗ್ ಪೂರ್ತಿ ನೀರು ಹಾಕಿಯೇ. ನೀರಿನ ಪೈಪ್ ಬಿಚ್ಚಿಟ್ಟು ಡ್ರಿಲ್ ಹಿಡಿದವರನ್ನು ಆ ದಿನ ಕೆಲಸದಿಂದ ಇಳಿಸುತ್ತೇನೆ. ಎನ್-95 ಮಾಸ್ಕ್ ನಾವೇ ಕೊಡುತ್ತೇವೆ.

2017ರಲ್ಲಿ ನಮ್ಮ ಜಿಲ್ಲೆಯ ಕಪ್ಪತಗುಡ್ಡವನ್ನು ಗಣಿಗಾರಿಕೆಯಿಂದ ಉಳಿಸಲು ಗದಗಿನಲ್ಲಿ ತೋಂಟದ ಸಿದ್ಧಲಿಂಗ ಶ್ರೀಗಳ ಮುಂದಾಳತ್ವದಲ್ಲಿ ಧರಣಿ ನಡೆಯಿತು, 2019ರಲ್ಲಿ ಗುಡ್ಡ ವನ್ಯಜೀವಿ ಧಾಮವೂ ಆಯಿತು. ನಮ್ಮ ಊರವರು ಅಲ್ಲಿಂದ ಕಲ್ಲು, ಮಣ್ಣಿನ ವಿಷಯದಲ್ಲಿ ಪ್ರಶ್ನೆ ಕೇಳಲು ಕಲಿತರು. ಒಳ್ಳೆಯದೇ ಆಯಿತು. ಮೇಲ್ಮಣ್ಣು ಎಲ್ಲಿ ಹಾಕಿದೆ ಅಂತ ಒಬ್ಬ ಹಿರಿಯರು ಕೇಳಿದ ಮೇಲೆ, ಅದನ್ನು ಗರಸಿನ ಜೊತೆ ಕಲಸದೆ ಬೇರೆ ಗುಡ್ಡೆ ಮಾಡಿ ಹುಲ್ಲು ಬೆಳೆಸಿದ್ದೇವೆ. ಕೆಲಸ ಮುಗಿದ ಗುಂಡಿಯ ಅಂಚಿಗೆ ಅದನ್ನೇ ಹರಡಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಗುಂಡಿಯ ನೀರು ತಳ ಕಾಣುತ್ತದೆ. ಆ ಎರಡು ತಿಂಗಳು ಕ್ರಷರ್ ಬೆಳಗ್ಗೆ ಒಂದೇ ಪಾಳಿ ಓಡಿಸುತ್ತೇವೆ. ನಾಝಲ್ ನಿಂತರೆ ಬೆಲ್ಟೂ ನಿಲ್ಲಬೇಕು ಅಂತ ಎರಡಕ್ಕೂ ಒಂದೇ ಸ್ವಿಚ್ ಕೊಡಿಸಿದ್ದೇನೆ.