ನೆಟ್ ಬರುತ್ತೆ, ಡೊಮೈನ್ ಮಾತ್ರ ಸಿಗಲ್ಲ

"ಯೂಟ್ಯೂಬ್ ಚೆನ್ನಾಗೇ ಓಡ್ತಿದೆ, ಡೊಮೈನ್‌ಗೆ ಮಾತ್ರ ಸೇರ್ತಿಲ್ಲ. ಎಂಥ ಮಾರಾಯ್ರೇ ಇದು?"

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿಯ ಒಂದು ಆಫೀಸಿನಿಂದ ಬಂದ ಫೋನಿದು. ಹೊಸ ಕಂಪ್ಯೂಟರನ್ನು ಡೊಮೈನ್‌ಗೆ, ಅಂದರೆ ಆಫೀಸಿನ ಕಂಪ್ಯೂಟರುಗಳನ್ನೂ ಲಾಗಿನ್‌ಗಳನ್ನೂ ಸರ್ವರಿನಿಂದ ನೋಡಿಕೊಳ್ಳುವ ವ್ಯವಸ್ಥೆಗೆ, ಸೇರಿಸಬೇಕಿತ್ತು. ನಾನು ಶಿವಮೊಗ್ಗದಲ್ಲಿ ಕಂಪ್ಯೂಟರ್ ಸರ್ವಿಸ್ ಮಾಡುವವನು. ಬೈಕಿನಲ್ಲಿ ಮಂಡಗದ್ದೆ ದಾಟುವಷ್ಟರಲ್ಲಿ ರೇನ್‌ಕೋಟಿನ ಒಳಗೂ ನೀರು. ಅಲ್ಲಿ ಹೋಗಿ ನೋಡಿದರೆ ಹತ್ತು ನಿಮಿಷದ ಕೆಲಸ. ನೀವೇ ಮಾಡಿಕೊಳ್ಳಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಡಿಎನ್‌ಎಸ್ ನೋಡಿ, ಅಂದರೆ ಹೆಸರು ಕೊಟ್ಟರೆ ಅದರ ಐಪಿ ವಿಳಾಸ ಹೇಳುವ ಸರ್ವರ್. ಡೊಮೈನ್ ಸರ್ವರ್ ಎಲ್ಲಿದೆ ಅಂತ ಹೊಸ ಕಂಪ್ಯೂಟರಿಗೆ ಗೊತ್ತಿರುವುದಿಲ್ಲ, ಡಿಎನ್‌ಎಸ್ ಅನ್ನು ಕೇಳಿ ತಿಳಿದುಕೊಳ್ಳುತ್ತದೆ. ಗೂಗಲ್‌ನ 8.8.8.8 ಅನ್ನು ಕೇಳಿದರೆ ಅದಕ್ಕೆ ಊರೆಲ್ಲ ಗೊತ್ತು, ನಿಮ್ಮ ಆಫೀಸಿನ ಒಳಕೋಣೆ ಗೊತ್ತಿಲ್ಲ. ಯೂಟ್ಯೂಬ್ ಓಡಿಯೂ ಡೊಮೈನ್ ಸಿಗದಿರುವುದು ಇದಕ್ಕೇ.

ಆ ಆಫೀಸಿನಲ್ಲಿ ಆಗಿದ್ದು ಇಷ್ಟು. ಸಿಡಿಲಿಗೆ ರೂಟರ್ ಸುಟ್ಟಿತ್ತು. ಯಾರೋ ಹೊಸದು ತಂದು ಸಿಕ್ಕಿಸಿದ್ದರು. ಅದು ಎಲ್ಲರಿಗೂ ತನ್ನದೇ 192.168.1.1 ಅನ್ನು ಡಿಎನ್‌ಎಸ್ ಅಂತ ಹಂಚುತ್ತಿತ್ತು. ಹಳೇ ಕಂಪ್ಯೂಟರುಗಳಲ್ಲಿ ಸರ್ವರಿನ ವಿಳಾಸ ಕೈಯಾರೆ ಹಾಕಿತ್ತು, ಹಾಗಾಗಿ ಅವು ಆರಾಮಾಗಿದ್ದವು. ಹೊಸದು ಮಾತ್ರ 'ಡೊಮೈನ್ ಕಂಟ್ರೋಲರ್ ಸಿಗುತ್ತಿಲ್ಲ' ಅಂತ ಎರರ್ ಕೊಡುತ್ತಿತ್ತು. ಕಂಟ್ರೋಲರ್ ಅಂದರೆ ಆ ಡೊಮೈನ್ ಸರ್ವರೇ.

ಕಮಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್ಫಿಗ್ ಸ್ಲ್ಯಾಶ್ ಆಲ್' (ipconfig /all) ಕೊಡಿ. ಡಿಎನ್‌ಎಸ್ ಸರ್ವರ್ಸ್ ಅನ್ನುವ ಸಾಲಿನಲ್ಲಿ ನಿಮ್ಮ ಡೊಮೈನ್ ಸರ್ವರಿನ ವಿಳಾಸ ಇರಬೇಕು. ಇಲ್ಲದಿದ್ದರೆ ನೆಟ್‌ವರ್ಕ್ ಅಡಾಪ್ಟರಿನ ಐಪಿವಿ4 ಸೆಟ್ಟಿಂಗ್‌ನಲ್ಲಿ ಹಾಕಿ. ಎರಡನೇ ಖಾನೆ ಖಾಲಿ ಇದೆ ಅಂತ ಸುಮ್ನೆ 8.8.8.8 ತುಂಬಬೇಡಿ. ವಿಂಡೋಸ್ ಒಮ್ಮೊಮ್ಮೆ ಅದನ್ನೇ ಹಿಡಿದು ಕೂರುತ್ತದೆ. ಆಮೇಲೆ 'ಐಪಿಕಾನ್ಫಿಗ್ ಸ್ಲ್ಯಾಶ್ ಫ್ಲಶ್‌ಡಿಎನ್‌ಎಸ್' (ipconfig /flushdns) ಕೊಟ್ಟು, 'ಎನ್‌ಎಸ್‌ಲುಕಪ್' (nslookup) ಮುಂದೆ ಡೊಮೈನಿನ ಪೂರ್ತಿ ಹೆಸರು ಹಾಕಿ ನೋಡಿ. ಸರ್ವರಿನ ವಿಳಾಸ ಬಂತಾ? ಹಾಗಾದರೆ ಈಗ ಸೇರಿಸಿ. ನಾನು ಎಲ್ಲರಿಗೂ ವಿಳಾಸ ಹಂಚುವ ರೂಟರಿನ ಡಿಎಚ್‌ಸಿಪಿ ಸೆಟ್ಟಿಂಗ್‌ನಲ್ಲೇ ಡಿಎನ್‌ಎಸ್ ಬದಲಿಸಿ ಬಂದೆ, ಮುಂದೆ ಬರುವ ಕಂಪ್ಯೂಟರಿಗೂ ಆಯಿತು.

ಡಿಎನ್‌ಎಸ್ ಸರಿ ಇದ್ದೂ ಸೇರದಿದ್ದರೆ ಗಡಿಯಾರ ನೋಡಿ. ಸರ್ವರಿಗೂ ಕಂಪ್ಯೂಟರಿಗೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕೆರ್ಬರೋಸ್, ಅಂದರೆ ಡೊಮೈನಿನಲ್ಲಿ ಗುರುತು ಪರೀಕ್ಷಿಸುವ ವ್ಯವಸ್ಥೆ, ಒಪ್ಪುವುದಿಲ್ಲ. ನಮ್ಮ ಕಡೆ ಕರೆಂಟು ಹೋಗುವುದು ಹೊಸ ಸುದ್ದಿ ಅಲ್ಲ, ಅಲ್ವಾ? ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ದರೆ ಕರೆಂಟು ಹೋದಾಗಲೆಲ್ಲ ತಾರೀಕು ಹಳೇ ವರ್ಷಕ್ಕೆ ಓಡುತ್ತದೆ. ಸೆಲ್ ಬದಲಿಸಿ, ಟೈಮ್ ಝೋನೂ ನೋಡಿ.

ವಿಂಡೋಸ್ ಹೋಮ್ ಆಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಡೊಮೈನ್‌ಗೆ ಸೇರುವುದೇ ಇಲ್ಲ. ಪ್ರೊ ಬೇಕು. ಸಾಮಾನ್ಯ ಯೂಸರ್ ಅಕೌಂಟಿನಿಂದ ಸೇರಿಸುತ್ತಿದ್ದರೆ, ಸೆಟ್ಟಿಂಗ್ ಬದಲಿಸದ ಕಡೆ 10 ಕಂಪ್ಯೂಟರ್ ಆದ ಮೇಲೆ 'ಸಾಕು' ಅನ್ನುತ್ತದೆ. ಅಡ್ಮಿನ್ ಅಕೌಂಟ್ ಬಳಸಿ. ಹಳೇ ಕಂಪ್ಯೂಟರಿನ ಹೆಸರನ್ನೇ ಹೊಸದಕ್ಕೆ ಇಟ್ಟಿದ್ದರೂ ತಕರಾರು ಬರಬಹುದು. 2022ರ ಅಕ್ಟೋಬರ್ ಅಪ್‌ಡೇಟ್ ನಂತರ ವಿಂಡೋಸ್ ಈ ವಿಷಯದಲ್ಲಿ ಬಿಗಿಯಾಗಿದೆ. ಬೇರೆ ಹೆಸರಿಟ್ಟು ನೋಡಿ.

ಇಷ್ಟಕ್ಕೂ ಆಗದಿದ್ದರೆ ಸಿ ಡ್ರೈವಿನಲ್ಲಿ ವಿಂಡೋಸ್, ಅದರೊಳಗೆ ಡಿಬಗ್ ಫೋಲ್ಡರ್, ಅಲ್ಲಿ ನೆಟ್‌ಸೆಟಪ್ ಅನ್ನುವ ಲಾಗ್ ಫೈಲ್ ಇದೆ. ಕೊನೆಯ ಇಪ್ಪತ್ತು ಸಾಲಿನ ಫೋಟೋ ತೆಗೆದು ವಾಟ್ಸಾಪ್ ಮಾಡಿ. ಮಳೆ ಸ್ವಲ್ಪ ಹೊಳವಾದ ಮೇಲೆ ಬರ್ತೀನಿ.