ಬಾಕಿ ಓವರ್‌ಟೈಮ್ ಹಣ ಕೇಳುವವರು ಮೊದಲು ಮಾಡಬೇಕಾದದ್ದು

ಹೆಚ್ಚುವರಿ ದುಡಿಮೆಯ ಹಣ ಬರಲಿಲ್ಲವೆಂದು ದೂರು ಕೊಡುವವರಲ್ಲಿ ಹಲವರು ಎಡವುವುದು ಲೆಕ್ಕದಲ್ಲಿ. ‘ದಿನಾ ತಡವಾಗಿಯೇ ಮನೆಗೆ ಹೋಗುತ್ತಿದ್ದೆ’ ಎಂಬ ಮಾತನ್ನು ಹಿಡಿದುಕೊಂಡು ಯಾವ ಅಧಿಕಾರಿಯೂ ಗಂಟೆ ಎಣಿಸಲಾರರು. ಹೀಗಾಗಿ, ಜಗಳಕ್ಕೆ ಇನ್ನೂ ಕಾರಣವೇ ಇಲ್ಲದಿರುವಾಗಲೂ ಸ್ವಂತದ್ದೊಂದು ದಿನಚರಿ ಪುಸ್ತಕವಿಟ್ಟು, ಆಯಾ ದಿನದ್ದನ್ನು ಆಯಾ ದಿನವೇ ಬರೆದಿಡಬೇಕು.

ನಮೂದು ಹೀಗಿದ್ದರೆ ಸಾಕು: ‘ಮಂಗಳವಾರ. ಬೆಳಿಗ್ಗೆ 8.50ಕ್ಕೆ ಒಳಗೆ, ಸಂಜೆ 7.20ಕ್ಕೆ ಹೊರಗೆ, ಊಟದ ಬಿಡುವು 30 ನಿಮಿಷ. ಲೋಡ್ ಮುಗಿಸಿಯೇ ಹೋಗಬೇಕೆಂದು ಮೇಲ್ವಿಚಾರಕರು 4.45ಕ್ಕೆ ಹೇಳಿದರು.’ ಬಿಡುವು ಕಳೆದರೆ ಇದು 10 ಗಂಟೆಯ ಕೆಲಸ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1919ರ ಮೊದಲನೆಯ ಒಡಂಬಡಿಕೆಯು ಕೈಗಾರಿಕೆಗಳಲ್ಲಿನ ದುಡಿಮೆಗೆ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಮಿತಿ ಹಾಕಿ, ಅನುಮತಿಸಿದ ಹೆಚ್ಚುವರಿ ಗಂಟೆಗಳಿಗೆ ಮಾಮೂಲಿ ದರದ ಕನಿಷ್ಠ ಒಂದೂಕಾಲು ಪಟ್ಟು ಕೊಡಬೇಕೆನ್ನುತ್ತದೆ. ಆ ಲೆಕ್ಕದಲ್ಲಿ ಮೇಲಿನ 2 ಗಂಟೆಗೆ ಎರಡೂವರೆ ಗಂಟೆಯ ಕೂಲಿ ಬರಬೇಕು. ಹಲವು ದೇಶಗಳ ಕಾನೂನು ಇದಕ್ಕಿಂತ ಹೆಚ್ಚು ಕೊಡಿಸುವುದರಿಂದ ನಿಮ್ಮಲ್ಲಿ ಜಾರಿಯಲ್ಲಿರುವ ದರವನ್ನೇ ಹಿಡಿಯಿರಿ. ಆ ನಮೂದಿನಲ್ಲಿ ಕೆಲಸ ಹೇಳಿದವರು ಯಾರು, ಎಷ್ಟು ಹೊತ್ತಿಗೆ ಎಂಬುದನ್ನು ಸೇರಿಸಿರುವುದನ್ನು ಗಮನಿಸಿ: ‘ಇರು ಎಂದವರಾರು?’ ಎಂಬುದೇ ಮಾಲೀಕರ ಕಡೆಯ ಮೊದಲ ಪ್ರಶ್ನೆಯಾಗಿರುತ್ತದೆ.

ವೇತನ ಚೀಟಿ, ಪಾಳಿಪಟ್ಟಿ, ಕೆಲಸ ಹೇಳಿದ ಸಂದೇಶಗಳನ್ನು ಜೋಡಿಸಿಡಿ. ಸಂಸ್ಥೆಯ ಗೋಪ್ಯ ಕಡತಗಳಿಗೆ ಮಾತ್ರ ಕೈಹಾಕಬೇಡಿ. ಹಣ ಕೇಳಲು ಹೋದವರ ಮೇಲೆಯೇ ಶಿಸ್ತುಕ್ರಮ ಬಂದೀತು.

‘ನೀವು ಮ್ಯಾನೇಜರ್, ನಿಮಗೆ ಓವರ್‌ಟೈಮ್ ಅನ್ವಯಿಸುವುದಿಲ್ಲ’ ಎಂಬ ಉತ್ತರ ಬಂದರೆ ಅಷ್ಟಕ್ಕೇ ಹಿಂದೆ ಸರಿಯಬೇಕಿಲ್ಲ. ಮೇಲ್ವಿಚಾರಣೆ ಮತ್ತು ಆಡಳಿತದ ಹುದ್ದೆಗಳನ್ನು ಆ ಒಡಂಬಡಿಕೆಯೂ ಹೊರಗಿಟ್ಟಿದೆ, ನಿಜ. ಆದರೆ ಹಲವೆಡೆ ನ್ಯಾಯಾಲಯಗಳು ನೋಡುವುದು ನೇಮಕಾತಿ ಪತ್ರದಲ್ಲಿರುವ ಹೆಸರಿಗಿಂತ ಹೆಚ್ಚಾಗಿ ನಿತ್ಯ ಮಾಡುವ ಕೆಲಸವನ್ನು. ಹುದ್ದೆಯ ಹೆಸರು ದೊಡ್ಡದು ಮಾಡಲು ಖರ್ಚೇನೂ ಇಲ್ಲವಲ್ಲ.

ಬಳಿಕ ಲಿಖಿತ ಬೇಡಿಕೆ ಸಲ್ಲಿಸಿ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಎಷ್ಟು ಗಂಟೆ, ಯಾವ ದರ, ಒಟ್ಟು ಎಷ್ಟು, ಎಂದಿನೊಳಗೆ ಕೊಡಬೇಕು, ಇಷ್ಟೇ ಇರಲಿ. ಹಳೆಯ ಸಿಟ್ಟಿಗೆ ಅಲ್ಲಿ ಜಾಗ ಬೇಡ. ಅದರ ಒಂದು ನಕಲಿನ ಮೇಲೆ ಸ್ವೀಕೃತಿ ಪಡೆಯಿರಿ. ‘ನನ್ನ ಎಲ್ಲ ಬಾಕಿ ಚುಕ್ತಾ ಆಗಿದೆ’ ಎಂಬ ಕಾಗದಕ್ಕೆ ಹಣ ಎಣಿಸುವ ಮೊದಲು ಸಹಿ ಮಾಡಬೇಡಿ.

ದೂರಿಗೆ ಕಾಲಮಿತಿ ಇರುತ್ತದೆ, ಮಾತುಕತೆಯಲ್ಲಿ ಕಳೆದ ದಿನಗಳನ್ನು ಕಾನೂನು ಆ ಲೆಕ್ಕದಿಂದ ಬಿಟ್ಟುಬಿಡುತ್ತದೆಂದು ನಂಬಿ ಕೂರುವುದು ಅಪಾಯ. ಉತ್ತರ ಬಾರದಿದ್ದರೆ ಅವಧಿಯೊಳಗೇ ಸಂಘದ ಮೂಲಕವೋ ನೇರವಾಗಿಯೋ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಿ. ಜೊತೆಗೆ ದಿನಚರಿಯ ನಕಲನ್ನು ಲಗತ್ತಿಸಿ, ಮೂಲ ಪುಸ್ತಕ ನಿಮ್ಮ ಬಳಿಯೇ ಇರಲಿ.